ನಲ್ಲಿಯಲ್ಲಿ ನಿಧಾನ, ಗಲ್ಲಾದಲ್ಲಿ ನಷ್ಟ: ಸೋಡಾ ಯಂತ್ರದ ದೋಷಪತ್ತೆ

ಗುಲಬರ್ಗಾ ವಿಶ್ವವಿದ್ಯಾಲಯ, ಜಿಮ್ಸ್ ಹಾಗೂ ಇ.ಎಸ್.ಐ.ಸಿ. ಆಸ್ಪತ್ರೆಗಳಿರುವ ಸೇಡಂ ರಸ್ತೆಯಲ್ಲಿ ತಂಪು ಪಾನೀಯದ ವ್ಯಾಪಾರಕ್ಕೆ ಬೇಸಿಗೆಯೇ ಸುಗ್ಗಿ. ಉಷ್ಣಾಂಶ 40 ಡಿಗ್ರಿ ದಾಟಿದ ಮಧ್ಯಾಹ್ನಗಳಲ್ಲಿ ಸೋಡಾ ಯಂತ್ರದ ಮುಂದೆ ಗಿರಾಕಿಗಳ ಸಾಲು ನಿಲ್ಲುತ್ತದೆ. ಅದೇ ಹೊತ್ತಿಗೆ ನಲ್ಲಿಯಿಂದ ಬರುವ ಧಾರೆ ದಾರದಂತೆ ಸಣ್ಣದಾದರೆ ಅಂಗಡಿಯವರು ಸಾಮಾನ್ಯವಾಗಿ ಮಾಡುವ ಕೆಲಸ ಒಂದೇ: ರೆಗ್ಯುಲೇಟರಿನ ತಿರುಪು ತಿರುಗಿಸಿ ಅನಿಲದ ಒತ್ತಡವನ್ನು ಏರಿಸುವುದು. ಆಗ ಲೋಟದ ತುಂಬ ನೊರೆ ಬರುತ್ತದೆ, ಸೋಡಾ ಅರ್ಧಕ್ಕೇ ನಿಲ್ಲುತ್ತದೆ. ನೊರೆ ಇಳಿಯುವವರೆಗೆ ಕಾಯಬೇಕಾದ್ದರಿಂದ ಕೆಲಸ ಇನ್ನೂ ನಿಧಾನ. ಸಂಜೆಗೆ ಸಿಲಿಂಡರ್ ಸರಬರಾಜುದಾರರೊಡನೆ ಜಗಳ, ಮರುದಿನ ಯಂತ್ರ ಮಾರಿದವರೊಡನೆ.

ಒತ್ತಡ ಏರಿಸುವುದು ಹೆಚ್ಚಿನ ಸಂದರ್ಭಗಳಲ್ಲಿ ತಪ್ಪು ಮದ್ದು. ನಿಧಾನಕ್ಕೆ ಕಾರಣ ಒತ್ತಡದ ಕೊರತೆಗಿಂತ ಮಾರ್ಗದಲ್ಲಿನ ಅಡಚಣೆಯೋ ತಂಪಿನ ಕೊರತೆಯೋ ಆಗಿರುವುದೇ ಹೆಚ್ಚು.

ಈ ನಷ್ಟವನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. 200 ಮಿಲಿಲೀಟರ್ ಲೋಟ ತುಂಬಲು 5 ಸೆಕೆಂಡು, ಲೋಟ ತೊಳೆದು, ನಿಂಬೆ ಹಿಂಡಿ, ಹಣ ಪಡೆಯಲು 10 ಸೆಕೆಂಡು ಎಂದಿಟ್ಟುಕೊಂಡರೆ ಗಂಟೆಗೆ 240 ಲೋಟ ಮಾರಬಹುದು. ತುಂಬುವ ಸಮಯ 15 ಸೆಕೆಂಡಿಗೆ ಏರಿದರೆ ಮಾರಾಟ 144 ಲೋಟಕ್ಕೆ ಇಳಿಯುತ್ತದೆ. ಲೋಟಕ್ಕೆ 9 ರೂಪಾಯಿ ಉಳಿತಾಯವಿದ್ದಲ್ಲಿ, ಸಾಲು ನಿಂತಿರುವ ಪ್ರತಿ ಗಂಟೆಗೂ 864 ರೂಪಾಯಿ ಕೈತಪ್ಪುತ್ತದೆ. ಶರಣಬಸವೇಶ್ವರರ ಜಾತ್ರೆಯಂತಹ ದಿನಗಳಲ್ಲಿ ಈ ನಷ್ಟ ಎಷ್ಟು ಗಂಟೆ ಮುಂದುವರಿಯುತ್ತದೆ ಎಂಬುದನ್ನು ವ್ಯಾಪಾರಿಗಳೇ ಊಹಿಸಬಲ್ಲರು. ಲೆಕ್ಕದ ಪುಸ್ತಕದಲ್ಲಿ ಇದು ಎಲ್ಲಿಯೂ ಕಾಣುವುದಿಲ್ಲ. ಬಾರದೆ ಹೋದ ಹಣಕ್ಕೆ ಖಾತೆಯಿಲ್ಲ.

ಅನಿಲದ ಕಡೆಯೋ, ನೀರಿನ ಕಡೆಯೋ?

ಮೊದಲ ಪರೀಕ್ಷೆಗೆ ಒಂದು ನಿಮಿಷ ಸಾಕು. ನಲ್ಲಿ ಮುಚ್ಚಿರುವಾಗ ರೆಗ್ಯುಲೇಟರಿನ ಹೊರಹರಿವಿನ ಮಾಪಕವನ್ನು ನೋಡಬೇಕು. ನಂತರ ನಲ್ಲಿ ತೆರೆದು, ಸೋಡಾ ಹರಿಯುತ್ತಿರುವಾಗಲೇ ಮತ್ತೆ ನೋಡಬೇಕು. ಮುಳ್ಳು ಕುಸಿದು ನಿಧಾನವಾಗಿ ಮೇಲೇರಿದರೆ ದೋಷ ಅನಿಲದ ಕಡೆ ಇದೆ: ಸಿಲಿಂಡರ್ ಖಾಲಿಯಾಗುತ್ತಿರಬಹುದು, ಅದರ ಕವಾಟ ಪೂರ್ಣ ತೆರೆದಿಲ್ಲದಿರಬಹುದು, ಕೊಳವೆ ಮಡಚಿಕೊಂಡಿರಬಹುದು, ಅಥವಾ ಬಿಡುವಿಲ್ಲದ ಬಳಕೆಯಿಂದ ರೆಗ್ಯುಲೇಟರ್ ಹೆಪ್ಪುಗಟ್ಟಿರಬಹುದು. ಮುಳ್ಳು ಅಲುಗಾಡದೆ ನಿಂತರೆ ಅನಿಲದವರ ತಪ್ಪಿಲ್ಲ.

ಸಿಲಿಂಡರಿನ ಕಡೆಯ ಮಾಪಕವನ್ನು ಮಾತ್ರ ನಂಬಬಾರದು. ಸಿಲಿಂಡರಿನಲ್ಲಿ ಇಂಗಾಲದ ಡೈಆಕ್ಸೈಡ್ ದ್ರವರೂಪದಲ್ಲಿರುತ್ತದೆ. ದ್ರವದ ಕೊನೆಯ ಹನಿ ಉಳಿದಿರುವವರೆಗೂ ಒತ್ತಡವನ್ನು ನಿರ್ಧರಿಸುವುದು ಉಷ್ಣಾಂಶವೇ ಹೊರತು ಉಳಿದ ಪ್ರಮಾಣವಲ್ಲ. 31 ಡಿಗ್ರಿ ದಾಟಿದ ಮೇಲೆ ಈ ಅನಿಲ ದ್ರವವಾಗಿ ನಿಲ್ಲುವುದೇ ಇಲ್ಲ. ನಮ್ಮ ಭಾಗದ ಬಿಸಿಲಲ್ಲಿ ಹೊರಗಿಟ್ಟ ಸಿಲಿಂಡರಿನ ಮಾಪಕ ತೋರಿಸುವ ಅಂಕಿಗೆ ಆದ್ದರಿಂದ ದಾಸ್ತಾನಿನ ಅರ್ಥವಿಲ್ಲ. ಸಿಲಿಂಡರನ್ನು ತೂಗಿ, ಅದರ ಮೇಲೆ ಅಚ್ಚೊತ್ತಿರುವ ಖಾಲಿ ತೂಕವನ್ನು ಕಳೆಯುವುದೇ ಸರಿಯಾದ ಕ್ರಮ.

ತೂಕದಿಂದ ಇನ್ನೊಂದು ಲಾಭವಿದೆ. ಚೆನ್ನಾಗಿ ಅನಿಲ ತುಂಬಿದ ಸೋಡಾದಲ್ಲಿ ನೀರಿನ ಗಾತ್ರದ ಸುಮಾರು 4 ಪಟ್ಟು ಅನಿಲ ಕರಗಿರುತ್ತದೆ. ಅಂದರೆ 200 ಮಿಲಿಲೀಟರ್ ಲೋಟಕ್ಕೆ ಸುಮಾರು 1.6 ಗ್ರಾಂ, ಒಂದು ಕಿಲೋ ಅನಿಲಕ್ಕೆ ಲೆಕ್ಕದ ಪ್ರಕಾರ 600ಕ್ಕೂ ಮಿಕ್ಕಿ ಲೋಟ. ಸ್ವಲ್ಪ ನಷ್ಟ ಸಹಜ. ಆದರೆ 300 ಲೋಟಕ್ಕೇ ಕಿಲೋ ಮುಗಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ಅನಿಲ ನೊರೆಯಾಗಿ ಹೋಗುತ್ತಿದೆ. ಸಾಬೂನಿನ ನೀರನ್ನು ಜೋಡಣೆಗಳಿಗೆ ಹಚ್ಚಿದರೆ ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ.

ತಂಪಿಲ್ಲದೆ ಹರಿವಿಲ್ಲ

ನೀರು ಬಿಸಿಯಾದಷ್ಟೂ ಅನಿಲ ಅದರಲ್ಲಿ ನಿಲ್ಲುವುದಿಲ್ಲ. 4 ಡಿಗ್ರಿಯ ನೀರಿನಲ್ಲಿ 4 ಪಟ್ಟು ಅನಿಲವನ್ನು ಹಿಡಿದಿಡಲು ಚದರ ಅಂಗುಲಕ್ಕೆ ಸುಮಾರು 25 ಪೌಂಡ್ ಒತ್ತಡ ಸಾಕು. 30 ಡಿಗ್ರಿಯಲ್ಲಿ ಅದೇ ಕೆಲಸಕ್ಕೆ 70 ಪೌಂಡಿಗೂ ಹೆಚ್ಚು ಬೇಕು. ಟ್ಯಾಂಕ್ ತಣ್ಣಗಿದ್ದೂ ನಲ್ಲಿಗೆ ಹೋಗುವ ಕೊಳವೆ ಬಿಸಿಲಿಗೆ ಮೈಯೊಡ್ಡಿದ್ದರೆ, ಅನಿಲ ದಾರಿಯಲ್ಲೇ ಬಿಡುಗಡೆಯಾಗಿ ಗುಳ್ಳೆಗಳು ಹರಿವನ್ನು ತಡೆಯುತ್ತವೆ. ಮೊದಲ ಲೋಟ ಮಾತ್ರ ನೊರೆಯಾಗಿ ಉಳಿದವು ಸರಿಯಿದ್ದರೆ ಕೊಳವೆ ಅಥವಾ ನಲ್ಲಿ ಬಿಸಿಯಾಗಿದೆ ಎಂದರ್ಥ. ಪ್ರತಿ ಲೋಟವೂ ನೊರೆಯಾದರೆ ಟ್ಯಾಂಕೇ ತಣ್ಣಗಾಗಿಲ್ಲ, ಇಲ್ಲವೇ ಒತ್ತಡ ಅತಿಯಾಗಿದೆ. ಇದಕ್ಕೆ ವಿರುದ್ಧವಾಗಿ, ಶೀತಕವನ್ನು ಅತಿ ಕೆಳಗಿನ ಮಟ್ಟಕ್ಕೆ ಇಟ್ಟು ಕೊಳವೆಯೊಳಗೆ ಮಂಜುಗಡ್ಡೆ ಕಟ್ಟಿಸಿಕೊಳ್ಳುವವರೂ ಇದ್ದಾರೆ.

ಕೊಳವೆಯ ಅಗಲದ ವಿಷಯದಲ್ಲಿ ಉಳಿತಾಯ ಮಾಡಲು ಹೋಗುವುದು ದುಬಾರಿ. ಒಳವ್ಯಾಸ ಅರ್ಧವಾದರೆ ಹರಿವು ಅರ್ಧವಾಗುವುದಿಲ್ಲ, ಆರನೆಯ ಒಂದು ಪಾಲಿಗೂ ಕಡಿಮೆಯಾಗುತ್ತದೆ. ಹಾಗೆಂದು ಅತಿ ಅಗಲದ, ಗಿಡ್ಡ ಕೊಳವೆ ಹಾಕಿದರೆ ಸೋಡಾ ರಭಸದಿಂದ ನುಗ್ಗಿ ನೊರೆಯಾಗುತ್ತದೆ. ಯಂತ್ರ ಜೋಡಿಸುವ ಸ್ಥಳೀಯ ತಯಾರಕರು ಒತ್ತಡ, ಕೊಳವೆಯ ಅಳತೆ ಮತ್ತು ಉದ್ದವನ್ನು ಯಂತ್ರದ ಮೇಲೆಯೇ ಬರೆದು ಕೊಡುವುದು ಲೇಸು. ಖಾತರಿ ಅವಧಿಯ ಅರ್ಧ ತಕರಾರುಗಳು ಅಲ್ಲಿಗೇ ಮುಗಿಯಬಹುದು.

ಉಕ್ಕಿನ ಪೀಪಾಯಿಯಿಂದ ಸುರಿಯುವ ವ್ಯವಸ್ಥೆಯಲ್ಲಿ ಇನ್ನೊಂದು ತಾಣವನ್ನು ನೋಡಬೇಕು. 5 ಗ್ಯಾಲನ್, ಅಂದರೆ ಸುಮಾರು 19 ಲೀಟರಿನ ಈ ಪೀಪಾಯಿ ಅಮೆರಿಕದಲ್ಲಿ ಹುಟ್ಟಿದ್ದೇ ತಂಪು ಪಾನೀಯಕ್ಕಾಗಿ. ಮುಂದೆ ಅಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವವರು ಅದನ್ನು ತಮ್ಮದಾಗಿಸಿಕೊಂಡರು. ಅವರ ದೂರೂ ಇದೇ, ಧಾರೆ ನಿಧಾನ. (ಕರ್ನಾಟಕ ಅಬಕಾರಿ ಕಾಯ್ದೆ, 1965ರ ಅನ್ವಯ ಪರವಾನಗಿಯಿಲ್ಲದೆ ಬಿಯರ್ ತಯಾರಿಸುವಂತಿಲ್ಲವಾದ್ದರಿಂದ ಇಲ್ಲಿ ಆ ಪ್ರಶ್ನೆ ಬರದು.) ಪೀಪಾಯಿಯ ತಳದವರೆಗೆ ಇಳಿಯುವ ಕೊಳವೆಯ ತುದಿಯಲ್ಲಿ ನಿಂಬೆಯ ತಿರುಳು ಸಿಕ್ಕಿಕೊಳ್ಳುತ್ತದೆ; ಮೇಲಿನ ಸ್ಪ್ರಿಂಗ್ ಕವಾಟದಲ್ಲಿ ಸಕ್ಕರೆ ಪಾಕ ಅಂಟಿ ಒಣಗುತ್ತದೆ. ಬಿಚ್ಚುವ ಮೊದಲು ಒಳಗಿನ ಒತ್ತಡವನ್ನು ಪೂರ್ತಿ ಹೊರಬಿಡಲೇಬೇಕು. ನಂತರ ಬಿಸಿನೀರಿನಲ್ಲಿ ತೊಳೆದರೆ ಬಹುತೇಕ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಗೋಲಿ ಸೋಡಾದವರಿಗೆ ಈ ತೊಂದರೆಯೇ ಇರಲಿಲ್ಲ. ಪ್ರತಿ ಬಾಟಲಿಯ ಒತ್ತಡ ಅದರದ್ದೇ.

ಬೆಳಗಿನ ಹತ್ತಾರು ಲೋಟ ಸರಿಯಾಗಿ ಬಂದು ಆಮೇಲೆ ಧಾರೆ ಸೊರಗಿದರೆ ಯಂತ್ರಕ್ಕೆ ಒಳಬರುವ ನೀರೇ ಸಾಲುತ್ತಿಲ್ಲ. ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಆಧಾರವಾದ ಸುಣ್ಣದಕಲ್ಲು ಆ ಭಾಗದ ಕೊಳವೆಬಾವಿಗಳ ನೀರಿನಲ್ಲೂ ಕರಗಿ ಬರುತ್ತದೆ. ಇಂತಹ ಗಡಸು ನೀರು ಜಾಲರಿ ಮತ್ತು ಒಳಹರಿವಿನ ಕವಾಟದಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ಜಾಲರಿಯನ್ನು ವಾರಕ್ಕೊಮ್ಮೆ ತೊಳೆಯುವುದು, ಮೆದುಗೊಳಿಸಿದ ನೀರನ್ನು ಬಳಸುವುದು ಇದಕ್ಕಿರುವ ದಾರಿ. ದುರಸ್ತಿಯ ವೇಳೆ ಅನಿಲ ಬೆರೆತ ನೀರಿನ ಮಾರ್ಗದಲ್ಲಿ ತಾಮ್ರ ಅಥವಾ ಹಿತ್ತಾಳೆಯ ತುಂಡು ಜೋಡಿಸುವ ರೂಢಿ ಅಪಾಯಕಾರಿ. ಸೋಡಾ ಆಮ್ಲೀಯವಾದ್ದರಿಂದ ತಾಮ್ರ ಕರಗಿ ಗಿರಾಕಿಯ ಹೊಟ್ಟೆ ಸೇರುತ್ತದೆ. ಸ್ಟೇನ್‌ಲೆಸ್ ಉಕ್ಕು ಅಥವಾ ಆಹಾರ ದರ್ಜೆಯ ಪ್ಲಾಸ್ಟಿಕ್ ಮಾತ್ರ ಸೂಕ್ತ.

ಇಷ್ಟು ನೋಡದೆ ಹೊಸ ಯಂತ್ರಕ್ಕೆ ಸಾಲ ಮಾಡುವುದು ವಿವೇಕವಲ್ಲ. ದುರಸ್ತಿ ವೆಚ್ಚವನ್ನು ಅದೇ ವರ್ಷದ ಆದಾಯದಲ್ಲಿ ಕಳೆಯಬಹುದು. ಹೊಸ ಯಂತ್ರದ ಬೆಲೆ ಸವಕಳಿಯ ಮೂಲಕ ವರ್ಷಗಟ್ಟಲೆ ಹಂಚಿಹೋಗುತ್ತದೆ. ತೆರಿಗೆಯ ಹೊರೆಯೂ ಬದಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಸಕ್ಕರೆ ಅಥವಾ ಸುವಾಸನೆ ಬೆರೆಸಿದ ಸೋಡಾದ ಮೇಲಿನ ಜಿ.ಎಸ್.ಟಿ. ಶೇ. 40 ಆಗಿದೆ, ಏನೂ ಬೆರೆಸದ ಸಾದಾ ಸೋಡಾದ ದರ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ಸಿಹಿ ಅಥವಾ ಸುವಾಸನೆಯ ಸೋಡಾ ತಯಾರಕರಿಗೆ 2019ರ ಅಕ್ಟೋಬರಿನಿಂದ ಕಾಂಪೊಸಿಷನ್ ಯೋಜನೆಯ ಸೌಲಭ್ಯವೂ ಇಲ್ಲ. ಎರಡನ್ನೂ ಮಾರುವವರು ಎರಡಕ್ಕೂ ಪ್ರತ್ಯೇಕ ಲೆಕ್ಕವಿಡಬೇಕು. ಅದೇ ಪುಸ್ತಕದಲ್ಲಿ ಸಿಲಿಂಡರಿನ ತೂಕಕ್ಕೆ ಒಂದು ಕಲಂ ಸೇರಿಸಿ, ಪ್ರತಿದಿನ ಅಂಗಡಿ ಮುಚ್ಚುವಾಗ ತುಂಬಿದರೆ ಸೋರಿಕೆ ವಾರದೊಳಗೆ ಕಣ್ಣಿಗೆ ಬೀಳುತ್ತದೆ.