ವಸ್ತುಸಂಗ್ರಹಾಲಯದ ಜಾಲತಾಣ: ಮುಕ್ತ ತಂತ್ರಾಂಶ ಮತ್ತು ಕನ್ನಡದ ದಾಖಲೆ

ವಸ್ತುಸಂಗ್ರಹಾಲಯಕ್ಕೆ ಬಂದು ಸೇರುವ ಪ್ರತಿಯೊಂದು ವಸ್ತುವಿಗೂ ಸಂಖ್ಯೆಯೊಂದನ್ನು ಕೊಟ್ಟು, ಅದರ ಮೂಲ, ಅಳತೆ, ದೊರೆತ ಬಗೆ ಇವುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಹಿಂದಿನಿಂದಲೂ ನಡೆದುಬಂದಿದೆ. ಸಂದರ್ಶಕರು ನೋಡುವುದು ವಸ್ತುವನ್ನು. ಸಂಶೋಧಕರಿಗೆ ಅದರೊಡನೆ ಆ ಪುಸ್ತಕವೂ ಬೇಕು. ಆದರೆ ಅನೇಕ ಸಂಗ್ರಹಾಲಯಗಳ ಜಾಲತಾಣಗಳಲ್ಲಿ ಕಾಣುವುದು ತೆರೆದಿರುವ ವೇಳೆ, ಪ್ರವೇಶ ಶುಲ್ಕ ಮತ್ತು ಕಟ್ಟಡದ ಚಿತ್ರ. ಪುಸ್ತಕ ಮಾತ್ರ ಬೀರುವಿನಲ್ಲಿಯೇ ಉಳಿದಿರುತ್ತದೆ. ಅದನ್ನು ಹೆಚ್ಚಿನ ವೆಚ್ಚವಿಲ್ಲದೆ ಓದುಗರಿಗೆ ತಲುಪಿಸುವ ಮಾರ್ಗವನ್ನು ಮುಕ್ತ ಆಕರದ ವಿಷಯ ನಿರ್ವಹಣಾ ತಂತ್ರಾಂಶಗಳು ತೆರೆದಿವೆ.

ಬರಹ, ಚಿತ್ರಗಳನ್ನು ದತ್ತಸಂಚಯದಲ್ಲಿಟ್ಟು, ಪುಟದ ವಿನ್ಯಾಸವನ್ನು ಅದರಿಂದ ಬೇರ್ಪಡಿಸುವುದು ಈ ತಂತ್ರಾಂಶಗಳ ಮೂಲತತ್ವ. 2001ರಲ್ಲಿ ಬಂದ ಡ್ರೂಪಲ್, 2003ರ ವರ್ಡ್‌ಪ್ರೆಸ್, 2005ರ ಜೂಮ್ಲಾ ಇವು ಪ್ರಸಿದ್ಧವಾದವು. ಇವುಗಳ ಸಹಜ ಘಟಕ ಲೇಖನ ಅಥವಾ ಪುಟ. ಸಂಗ್ರಹಾಲಯದ ಘಟಕವಾದರೋ ವಸ್ತು. ಈ ಅಂತರವನ್ನು ಮನಗಂಡು ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರವು 2008ರಲ್ಲಿ ಒಮೇಕಾ ಎಂಬ ತಂತ್ರಾಂಶವನ್ನು ಹೊರತಂದಿತು. ಅದರ ಬೆಳೆದ ರೂಪವಾದ ಒಮೇಕಾ ಎಸ್ 2017ರಲ್ಲಿ ಬಂದಿತು. ಪಿಎಚ್‌ಪಿ ಮತ್ತು ಮೈಎಸ್‌ಕ್ಯೂಎಲ್ ಇರುವ ಸಾಮಾನ್ಯ ಸರ್ವರ್‌ನಲ್ಲಿ ಇದು ನಡೆಯುತ್ತದೆ. ಒಂದೇ ಸ್ಥಾಪನೆಯಿಂದ ಹಲವು ಜಾಲತಾಣಗಳನ್ನು ನಡೆಸಬಹುದಾದ್ದರಿಂದ ಜಿಲ್ಲೆಗಳ ಸಣ್ಣ ಸಂಗ್ರಹಾಲಯಗಳು ಒಂದು ವ್ಯವಸ್ಥೆಯನ್ನು ಹಂಚಿಕೊಳ್ಳಲು ಸಾಧ್ಯ.

ಒಮೇಕಾ ತನ್ನ ವಿವರಣೆಗೆ ಆಧಾರವಾಗಿಸಿಕೊಂಡದ್ದು ಡಬ್ಲಿನ್ ಕೋರ್ ಎಂಬ ಮಾನಕವನ್ನು. 1995ರಲ್ಲಿ ಓಹಾಯೋದ ಡಬ್ಲಿನ್‌ನಲ್ಲಿ ಸೇರಿದ ಕಮ್ಮಟದಿಂದ ಹುಟ್ಟಿದ ಈ ಮಾನಕದಲ್ಲಿ ಶೀರ್ಷಿಕೆ, ಕರ್ತೃ, ಕಾಲ, ವಿಷಯ ಮೊದಲಾದ 15 ಮೂಲ ಅಂಶಗಳಿವೆ. ಇದು ಗಣಕದಲ್ಲಿರುವ ದಸ್ತಾವೇಜುಗಳನ್ನು ಮನಸ್ಸಿನಲ್ಲಿಟ್ಟು ರಚಿತವಾದುದು. ಕಲ್ಲಿಗೆ ಅದನ್ನು ಹೊಂದಿಸುವಾಗ ತೊಡಕುಗಳು ಏಳುತ್ತವೆ. 1865ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದ ಆತಕೂರು ಶಾಸನವನ್ನು ಇಲ್ಲಿ ಪರಿಶೀಲಿಸಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗ ಬೂತುಗನ ಕಾಲದ, ಕ್ರಿ.ಶ. 949–50ರ ಈ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಂತದ್ದು. ಇದರ ಕರ್ತೃ ಯಾರು? ನಾಯಿಯನ್ನು ಬೂತುಗನಿಂದ ಬೇಡಿ ಪಡೆದ ಮಣಲೆರನೇ, ಕಲ್ಲನ್ನು ಕಡೆದ ಶಿಲ್ಪಿಯೇ? ಕಾಲವೆಂದರೆ ಶಾಸನದ ಕಾಲವೋ, ಕಲ್ಲು ಸಂಗ್ರಹಾಲಯಕ್ಕೆ ಬಂದ ಕಾಲವೋ? ಸ್ಥಳವೆಂದರೆ ಮಂಡ್ಯ ಜಿಲ್ಲೆಯ ಆತಕೂರೋ, ಬೆಂಗಳೂರೋ? ಒಬ್ಬ ಓದುಗ ಇದನ್ನು ಶಾಸನವೆಂದು ಹುಡುಕುತ್ತಾನೆ, ಮತ್ತೊಬ್ಬ ಸ್ಮಾರಕಶಿಲೆಯೆಂದು, ಮಗದೊಬ್ಬ ಶಿಲ್ಪವೆಂದು. ಇವುಗಳಿಗೆ ಉತ್ತರ ನಿರ್ಧರಿಸಿ, ಪ್ರತ್ಯೇಕ ಕ್ಷೇತ್ರಗಳನ್ನು ಗೊತ್ತುಮಾಡಿ, ಪ್ರಭೇದಗಳಿಗೆ ಒಂದು ನಿಯತ ಪದಪಟ್ಟಿಯನ್ನು ಸಿದ್ಧಪಡಿಸಿದ ಮೇಲೆಯೇ ತಂತ್ರಾಂಶಕ್ಕೆ ಕೈಹಾಕುವುದು ಉಚಿತ. ಒಮೇಕಾ ಎಸ್‌ನಲ್ಲಿ ಬೂತುಗನನ್ನೇ ಒಂದು ದಾಖಲೆಯಾಗಿಸಿ, ಅವನಿಗೆ ಸಂಬಂಧಿಸಿದ ಎಲ್ಲ ಶಾಸನಗಳನ್ನೂ ಅದಕ್ಕೆ ಜೋಡಿಸುವ ಅವಕಾಶವಿದೆ. ಪುಸ್ತಕದಲ್ಲಿ ಇದು ಸುಲಭಸಾಧ್ಯವಾಗಿರಲಿಲ್ಲ.

ಕನ್ನಡದಲ್ಲಿ ಈ ಕೆಲಸ ಮಾಡುವವರು ಲಿಪಿಯ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕಾಗುತ್ತದೆ. ಹಳೆಯ ಸೂಚಿಗಳು ಬಹುಮಟ್ಟಿಗೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಯೂನಿಕೋಡ್ ಪೂರ್ವದ ಫಾಂಟ್‌ಗಳಲ್ಲಿವೆ. ಆ ಫಾಂಟ್ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲುಗಳು. ಯೂನಿಕೋಡಿಗೆ ಪರಿವರ್ತಿಸಿದ ಮೇಲೂ ಕಣ್ಣಿಗೆ ಕಾಣದ ದೋಷವೊಂದು ಉಳಿಯಬಹುದು. ‘ಹೊಯ್ಸಳ’ ಎಂಬ ಪದದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರ ಚಿಹ್ನೆಗಳ ಎರಡು ಸಂಕೇತಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ. ಎರಡನ್ನೂ ಏಕರೂಪಕ್ಕೆ ತರದಿದ್ದರೆ ಹುಡುಕಿದವನಿಗೆ ಅರ್ಧ ದಾಖಲೆಗಳು ಸಿಕ್ಕಿ, ಉಳಿದವು ಇಲ್ಲವೆಂದೇ ತೋರುತ್ತದೆ. ಸಂಶೋಧನೆಯಲ್ಲಿ ಇಂಥ ‘ಇಲ್ಲ’ ತಪ್ಪು ನಿರ್ಣಯಕ್ಕೆ ದಾರಿಯಾಗುವುದು. ಅಕಾರಾದಿಯೂ ಹೀಗೆಯೇ. ಯೂನಿಕೋಡಿನ ಸಂಕೇತಕ್ರಮದಲ್ಲಿ ಳಕಾರವು ಲಕಾರದ ಬೆನ್ನಿಗೇ ಬರುತ್ತದೆ. ಕನ್ನಡ ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ನಂತರ. ಆದುದರಿಂದ ಬರಿಯ ಸಂಕೇತಕ್ರಮವನ್ನು ನಂಬಿದ ಸೂಚಿಯಲ್ಲಿ ‘ಕಳಶ’ವು ‘ಕವಚ’ಕ್ಕಿಂತ ಮೊದಲು ಬಂದು ಕೂಡುತ್ತದೆ. ದತ್ತಸಂಚಯವನ್ನು ಸ್ಥಾಪಿಸುವಾಗಲೇ ವರ್ಣಾನುಕ್ರಮದ ನಿಯಮವನ್ನು ಆರಿಸಿಕೊಂಡರೆ ಇದು ತಪ್ಪುತ್ತದೆ.

ಮುಕ್ತ ತಂತ್ರಾಂಶಕ್ಕೆ ಪರವಾನಗಿ ಶುಲ್ಕವಿಲ್ಲ ಎಂಬುದು ನಿಜ. ಪಾಲನೆಗೆ ಖರ್ಚಿಲ್ಲ ಎಂಬುದು ನಿಜವಲ್ಲ. 2011ರಲ್ಲಿ ಬಿಡುಗಡೆಯಾದ ಡ್ರೂಪಲ್ 7ಕ್ಕೆ ಅಧಿಕೃತ ಬೆಂಬಲ 2025ರ ಜನವರಿ 5ರಂದು ನಿಂತಿತು. ಮುಂದಿನ ಆವೃತ್ತಿಗಳ ರಚನೆಯೇ ಬೇರೆಯಾದ್ದರಿಂದ ಅದರಲ್ಲಿದ್ದ ತಾಣಗಳನ್ನು ಬಹುಪಾಲು ಹೊಸದಾಗಿ ಕಟ್ಟಬೇಕಾಗುತ್ತದೆ. ಯೋಜನೆಯೊಂದರ ಅನುದಾನದಲ್ಲಿ ತಾಣ ಸಿದ್ಧವಾಗಿ, ಉದ್ಘಾಟನೆಯಾಗಿ, ಅನುದಾನ ಮುಗಿದ ಮೇಲೆ ನೋಡುವವರಿಲ್ಲದೆ ಕೆಡುವುದು ಅಪರೂಪದ ಸಂಗತಿಯೇನಲ್ಲ. ಆಗ ಗ್ರಂಥಗಳ ಅಡಿಟಿಪ್ಪಣಿಗಳಲ್ಲಿ ಉಲ್ಲೇಖಗೊಂಡ ವಿಳಾಸಗಳೆಲ್ಲ ಬರಿದಾಗುತ್ತವೆ. ವಿಳಾಸದಲ್ಲಿ ತಂತ್ರಾಂಶದ ಗುರುತನ್ನು ಬಿಟ್ಟು ವಸ್ತುವಿನ ದಾಖಲೆ ಸಂಖ್ಯೆಯನ್ನೇ ಬಳಸಿದರೆ, ತಂತ್ರಾಂಶ ಬದಲಾದರೂ ವಿಳಾಸವನ್ನು ಉಳಿಸಿಕೊಳ್ಳಬಹುದು. ವರ್ಷಕ್ಕೊಮ್ಮೆಯಾದರೂ ಎಲ್ಲ ದಾಖಲೆಗಳನ್ನು ಸರಳ ಕೋಷ್ಟಕ ಕಡತವಾಗಿ ತೆಗೆದಿಡುವುದೂ ಅಗತ್ಯ.

ಎಲ್ಲವನ್ನೂ ಪ್ರಕಟಿಸಬೇಕೆಂದಿಲ್ಲ. ಬೆಲೆಬಾಳುವ ವಸ್ತು ಯಾವ ಕೋಣೆಯಲ್ಲಿದೆ, ಅದರ ವಿಮಾ ಮೌಲ್ಯವೆಷ್ಟು, ದಾನಿಯ ಮನೆಯ ವಿಳಾಸವೇನು ಎಂಬ ವಿವರಗಳು ಒಳಬಳಕೆಯ ಕ್ಷೇತ್ರಗಳಲ್ಲಿಯೇ ಇರತಕ್ಕವು.

2018ರ ಸೆಪ್ಟೆಂಬರ್ 2ರ ರಾತ್ರಿ ರಿಯೋ ಡಿ ಜನೈರೋದಲ್ಲಿರುವ ಬ್ರೆಜಿಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯ ಬೆಂಕಿಗೆ ಆಹುತಿಯಾಯಿತು. ಸುಮಾರು 2 ಕೋಟಿ ವಸ್ತುಗಳ ಸಂಗ್ರಹದಲ್ಲಿ ಬಹುಭಾಗ ಸುಟ್ಟುಹೋಯಿತು. ಮೂಲನಿವಾಸಿಗಳ ಭಾಷೆಗಳ ದಾಖಲೆಗಳೂ ಅದರಲ್ಲಿ ಸೇರಿದ್ದವು. ಹಿಂದೆ ಭೇಟಿಯಿತ್ತವರು ತಮಗಾಗಿ ತೆಗೆದುಕೊಂಡ ಛಾಯಾಚಿತ್ರಗಳನ್ನು ಕಳುಹಿಸಬೇಕೆಂದು ಸಂಗ್ರಹಾಲಯಶಾಸ್ತ್ರದ ವಿದ್ಯಾರ್ಥಿಗಳು ಸಾರ್ವಜನಿಕರನ್ನು ಕೋರಬೇಕಾಯಿತು. ಅದೇ ದೇಶದ ವಿಶ್ವವಿದ್ಯಾಲಯಗಳಲ್ಲಿ ರೂಪುಗೊಂಡ ಟೈನಕನ್ ಎಂಬ ಮುಕ್ತ ತಂತ್ರಾಂಶವನ್ನು ವರ್ಡ್‌ಪ್ರೆಸ್‌ಗೆ ಜೋಡಿಸಿ ಅಲ್ಲಿನ ಅನೇಕ ಸಂಗ್ರಹಾಲಯಗಳು ಈಗ ತಮ್ಮ ಸೂಚಿಗಳನ್ನು ಪ್ರಕಟಿಸುತ್ತಿವೆ. ಇಂಥ ತಾಣದ ದತ್ತಸಂಚಯ ಮತ್ತು ಚಿತ್ರಗಳ ಒಂದು ಪ್ರತಿಯನ್ನು ಸಂಗ್ರಹಾಲಯವಿರುವ ಕಟ್ಟಡದ ಹೊರಗೆ, ಸಾಧ್ಯವಾದರೆ ಬೇರೊಂದು ಊರಿನಲ್ಲಿ ಇರಿಸತಕ್ಕದ್ದು.