ಮಕ್ಕಳ ತೋಟಕ್ಕೆ ಬಿದ್ದ ಬೀಗ

ಎಲ್.ಕೆ.ಜಿ., ಯು.ಕೆ.ಜಿ. ಎಂಬ ಅಕ್ಷರಗಳು ಇಂದು ಸಣ್ಣಪುಟ್ಟ ಊರುಗಳಲ್ಲೂ ಮನೆಮಾತು. ಇವುಗಳ ಕೊನೆಯ 'ಜಿ' ಎಂದರೆ ಗಾರ್ಟನ್, ಅಂದರೆ ಜರ್ಮನ್ ಭಾಷೆಯಲ್ಲಿ ತೋಟ. ಮಗುವಿಗೊಂದು ಸೀಟು ಸಿಕ್ಕರೆ ಸಾಕೆಂದು ಸಾಲಿನಲ್ಲಿ ನಿಂತ ತಂದೆತಾಯಿಗಳಿಗೆ ಇದು ನೆನಪಾಗುವುದು ಕಡಿಮೆ. ಲೋಯರ್ ಕಿಂಡರ್‌ಗಾರ್ಟನ್ ಎಂಬುದನ್ನು ಹಾಗೆಯೇ ಕನ್ನಡಿಸಿ 'ಕೆಳಗಿನ ಮಕ್ಕಳ ತೋಟ' ಎಂದರೆ ಯಾರಿಗಾದರೂ ನಗು ಬಂದೀತು. ಆದರೆ ಆ ಹೆಸರಿಟ್ಟವನಿಗೆ ತೋಟವೆಂಬುದು ಬರಿಯ ಉಪಮೆಯಾಗಿರಲಿಲ್ಲ. ಅವನ ಶಾಲೆಯಲ್ಲಿ ನಿಜವಾದ ಮಣ್ಣಿತ್ತು, ಪಾತಿಗಳಿದ್ದವು, ಗಿಡಗಳಿದ್ದವು.

ಫ್ರೀಡ್ರಿಕ್ ಫ್ರೋಬೆಲ್ ಹುಟ್ಟಿದ್ದು 1782ರಲ್ಲಿ, ಜರ್ಮನಿಯ ತೂರಿಂಗಿಯಾದ ಕಾಡುಸೀಮೆಯಲ್ಲಿ. ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ. ತಂದೆ ಪಾದ್ರಿ, ಮಗನ ಕಡೆ ನೋಡಲು ಆತನಿಗೆ ಬಿಡುವಿರಲಿಲ್ಲ. ಹದಿನೈದನೆಯ ವಯಸ್ಸಿಗೆ ಹುಡುಗನನ್ನು ಅರಣ್ಯಾಧಿಕಾರಿಯೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಅವನೂ ಹೆಚ್ಚೇನೂ ಕಲಿಸಲಿಲ್ಲ. ಹುಡುಗ ಎರಡು ವರ್ಷ ಕಾಡು ಅಲೆದ, ಅಧಿಕಾರಿಯ ಮನೆಯಲ್ಲಿದ್ದ ಪುಸ್ತಕಗಳನ್ನು ತಾನಾಗಿ ಓದಿದ. ಯಾರೂ ಕಲಿಸದಿದ್ದಾಗಲೂ ಮಗು ಕಲಿಯುತ್ತದೆ ಎಂಬುದು ಅವನಿಗೆ ಗ್ರಂಥದಿಂದ ಬಂದ ತತ್ವವಲ್ಲ, ಸ್ವಂತ ಬಾಳಿನ ಅನುಭವ. ಮುಂದೆ ಸ್ವಿಟ್ಜರ್ಲೆಂಡಿನಲ್ಲಿ ಪೆಸ್ಟಲೊಜಿಯ ಶಾಲೆಯನ್ನು ಕಂಡ, ಬರ್ಲಿನ್ನಿನಲ್ಲಿ ಹರಳುಗಳ ಶಾಸ್ತ್ರ ಅಭ್ಯಾಸ ಮಾಡಿದ. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಪುಟ್ಟ ಊರಿನಲ್ಲಿ ಎಳೆಯ ಮಕ್ಕಳ ಆಟಕ್ಕೆಂದೇ ಒಂದು ಸಂಸ್ಥೆ ತೆರೆದ. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಬಂತು.

ಇಲ್ಲಿನ ತೋಟದ ಏರ್ಪಾಡು ಗಮನಿಸಬೇಕಾದದ್ದು. ನಡುವೆ ಮಕ್ಕಳ ಸ್ವಂತ ಪಾತಿಗಳು, ಸುತ್ತಲೂ ಎಲ್ಲರಿಗೂ ಸೇರಿದ ಪಾತಿಗಳು. ಒಂದರಲ್ಲಿ ಹೂವು, ಇನ್ನೊಂದರಲ್ಲಿ ತರಕಾರಿ, ಕಾಳು. ಪಾತಿಗೆ ಮಗುವಿನ ಹೆಸರಿನ ಚೀಟಿ. ಜಾಗ ಸಾಲದಿದ್ದರೆ ಇಬ್ಬರಿಗೆ ಒಂದೇ ಪಾತಿ. ಕೂಡಿ ಬಾಳುವುದನ್ನೂ ಕಲಿತಂತಾಯಿತು. ಸಾಮಾನ್ಯ ಪಾತಿಯಲ್ಲಿ ಕ್ರಮ ಪಾಲಿಸಬೇಕು. ತನ್ನ ಪಾತಿಯಲ್ಲಿ ಮಾತ್ರ ಮಗು ತನಗೆ ಬೇಕಾದದ್ದನ್ನು ಬೇಕಾದಂತೆ ನೆಡಬಹುದು. ಬೇರು ಬಿಟ್ಟಿದೆಯೇ ಎಂದು ದಿನಾ ಗಿಡ ಕಿತ್ತು ನೋಡಿದರೆ ಗಿಡ ಒಣಗುತ್ತದೆ. ಒಣಗಲಿ. ಹಾಗೆ ಕೆಡಿಸಿಯೇ ಮಗು ಗಿಡದ ಸ್ವಭಾವ ಅರಿಯಲಿ ಎಂಬುದು ಫ್ರೋಬೆಲ್‌ನ ನಿಲುವು. ಗುರುವಾದವನು ಮಗುವಿನ ಹಿಂದೆ ಸಾಗಬೇಕೇ ವಿನಾ ಮುಂದೆ ನಿಂತು ಎಳೆಯಬಾರದೆಂದು ಆತ 1826ರಷ್ಟು ಹಿಂದೆಯೇ ಬರೆದಿದ್ದ. ಒಳಗಿನ ಆಟಕ್ಕೆ ಉಣ್ಣೆಯ ಚೆಂಡು, ಮರದ ಗೋಳ, ಸಿಲಿಂಡರ್, ಘನಗಳು. ಇವಕ್ಕೆ ಅವನಿಟ್ಟ ಹೆಸರು 'ಉಡುಗೊರೆ'. ಮುಂದೆ ಶಿಷ್ಯರು ಇವುಗಳನ್ನೇ ಕವಾಯತಿನಂತೆ ಮಾಡಿಸತೊಡಗಿದ್ದು ಬೇರೆ ಮಾತು.

ಇಂಥ ನಿರುಪದ್ರವಿ ತೋಟಕ್ಕೆ ಸರ್ಕಾರವೊಂದು ಹೆದರಿತು. 1851ರ ಆಗಸ್ಟ್‌ನಲ್ಲಿ ಪ್ರಶ್ಯದ ಶಿಕ್ಷಣ ಮಂತ್ರಿ ಕಾರ್ಲ್ ಓಟೊ ಫಾನ್ ರೌಮರ್ ರಾಜ್ಯದ ಎಲ್ಲ ಕಿಂಡರ್‌ಗಾರ್ಟನ್‌ಗಳನ್ನು ನಿಷೇಧಿಸಿದ. ಇವು ಮಕ್ಕಳಲ್ಲಿ ನಾಸ್ತಿಕತೆ ಬೆಳೆಸುವ ಸಮಾಜವಾದಿ ಏರ್ಪಾಡಿನ ಅಂಗ ಎಂಬುದು ಆರೋಪ. ಆಧಾರವಾಗಿ ತೋರಿಸಿದ್ದು ಕಾರ್ಲ್ ಫ್ರೋಬೆಲ್ ಬರೆದ ಒಂದು ಕಿರುಹೊತ್ತಿಗೆಯನ್ನು. ಆ ಕಾರ್ಲ್, ಫ್ರೀಡ್ರಿಕ್‌ನ ಅಣ್ಣನ ಮಗ! ಅದನ್ನು ಬರೆದವನು ತಾನಲ್ಲವೆಂದು ಮುದುಕ ಬಿನ್ನವಿಸಿಕೊಂಡ. ಆಜ್ಞೆ ಬದಲಾಗಲಿಲ್ಲ. ಇದನ್ನು ಬರಿಯ ಹೆಸರಿನ ಗೊಂದಲವೆನ್ನುವುದು ಕಷ್ಟ. 1848ರ ಕ್ರಾಂತಿ ಆಗಷ್ಟೇ ಅಡಗಿತ್ತು. ಕಿಂಡರ್‌ಗಾರ್ಟನ್‌ಗಳನ್ನು ಬೆಂಬಲಿಸುತ್ತಿದ್ದವರಲ್ಲಿ ಚರ್ಚಿನ ಹಿಡಿತ ಒಪ್ಪದವರೂ ಸಾರ್ವಜನಿಕ ಕೆಲಸಕ್ಕಿಳಿದ ಹೆಂಗಸರೂ ಬಹಳ ಮಂದಿ ಇದ್ದರು. ಫ್ರೋಬೆಲ್ ತರುಣಿಯರನ್ನೇ ಶಿಕ್ಷಕಿಯರಾಗಿ ತರಬೇತುಗೊಳಿಸುತ್ತಿದ್ದ. ಅರಸೊತ್ತಿಗೆಯ ಕಣ್ಣಿಗೆ ಇಷ್ಟೇ ಸಾಕಾಗಿತ್ತು.

ಮರುವರ್ಷ, 1852ರ ಜೂನ್‌ನಲ್ಲಿ, ಫ್ರೋಬೆಲ್ ತೀರಿಕೊಂಡ. ನಿಷೇಧ ತೆರವಾದದ್ದು 1860ರಲ್ಲಿ. ಅಷ್ಟರೊಳಗೆ ಬೀಜ ಗಡಿ ದಾಟಿತ್ತು. ಜರ್ಮನಿ ಬಿಟ್ಟು ಅಮೆರಿಕ ಸೇರಿದ ಮಾರ್ಗರೇಥೆ ಶುರ್ಟ್ಸ್ 1856ರಲ್ಲಿ ವಿಸ್ಕಾನ್‌ಸಿನ್‌ನ ವಾಟರ್‌ಟೌನ್‌ನಲ್ಲಿ ಅಲ್ಲಿನ ಮೊದಲ ಕಿಂಡರ್‌ಗಾರ್ಟನ್ ತೆರೆದಳು. ಇಂಗ್ಲಿಷರು ಆ ಹೆಸರನ್ನು ಅನುವಾದಿಸದೆ ಹಾಗೆಯೇ ಇಟ್ಟುಕೊಂಡರು, ಇಂಗ್ಲಿಷಿನ ಬೆನ್ನೇರಿ ಅದು ಭಾರತಕ್ಕೂ ಬಂತು. ದಾರಿಯಲ್ಲಿ ಎಲ್ಲೋ ತೋಟ ಉದುರಿ, ಒಂದೂವರೆ ಗೇಣಿನ ಡೆಸ್ಕು ಮತ್ತು ಕಾಪಿ ಪುಸ್ತಕ ಉಳಿದವು.

ಫ್ರೋಬೆಲ್‌ನ ಸಮಾಧಿ ಶ್ವೈನಾ ಎಂಬ ಊರಿನಲ್ಲಿದೆ. ಅದರ ಮೇಲೆ ನಿಲ್ಲಿಸಿರುವ ಕಲ್ಲು ಅವನ ಆಟಿಕೆಗಳದೇ ಆಕಾರ: ಕೆಳಗೊಂದು ಘನ, ಅದರ ಮೇಲೊಂದು ಸಿಲಿಂಡರ್, ತುದಿಯಲ್ಲಿ ಗೋಳ.