ಗ್ರಹವೀಕ್ಷಣೆಗೆ ಎಷ್ಟು ವರ್ಧನೆ ಸಾಕು?

ಅಗ್ಗದ ದೂರದರ್ಶಕಗಳ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವ '500 ಪಟ್ಟು' ಎಂಬಂಥ ಸಂಖ್ಯೆಗೆ ಮರುಳಾಗುವವರು ಹಲವರು. ವಸ್ತುವೊಂದು ಬರಿಗಣ್ಣಿಗಿಂತ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಈ ವರ್ಧನೆಯನ್ನು ನಿರ್ಧರಿಸುವುದು ದೂರದರ್ಶಕವೊಂದೇ ಅಲ್ಲ. ಕಣ್ಣಿಟ್ಟು ನೋಡುವ ತುದಿಗೆ ಸಿಕ್ಕಿಸುವ ಪುಟ್ಟ ಮಸೂರಗಳ ಜೋಡಣೆ, ಅಂದರೆ ಐಪೀಸ್, ಬದಲಾದಂತೆ ವರ್ಧನೆಯೂ ಬದಲಾಗುತ್ತದೆ. ದೂರದರ್ಶಕದ ಮುಖ್ಯ ಮಸೂರ ಅಥವಾ ದರ್ಪಣದ ಸಂಗಮ ದೂರವನ್ನು ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುವುದರಿಂದ, 1200 ಮಿ.ಮೀ. ಸಂಗಮ ದೂರದ ಉಪಕರಣವು 25 ಮಿ.ಮೀ. ಐಪೀಸಿನೊಡನೆ 48 ಪಟ್ಟು, 10 ಮಿ.ಮೀ.ಯದರೊಡನೆ 120 ಪಟ್ಟು, 6 ಮಿ.ಮೀ.ಯದರೊಡನೆ 200 ಪಟ್ಟು ವರ್ಧಿಸುತ್ತದೆ.

ಗ್ರಹಗಳಿಗೆ ಬೇಕಾಗುವ ವರ್ಧನೆ ಸಾಮಾನ್ಯ ಊಹೆಗಿಂತ ಕಡಿಮೆ. ಒಂದು ಡಿಗ್ರಿಯ 3600ನೇ ಒಂದು ಭಾಗವನ್ನು ಆರ್ಕ್ ಸೆಕೆಂಡ್ ಎನ್ನುತ್ತಾರೆ. ಭೂಮಿಗೆ ಹತ್ತಿರ ಬಂದಾಗ ಸುಮಾರು 45 ಆರ್ಕ್ ಸೆಕೆಂಡ್ ಅಗಲವಿರುವ ಗುರುವು 40 ಪಟ್ಟು ವರ್ಧನೆಯಲ್ಲಿಯೇ ಬರಿಗಣ್ಣಿನ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ, ಮತ್ತು ಶನಿಯ ಬಳೆಯನ್ನು ಗುರುತಿಸಲು 30 ಪಟ್ಟು ಸಾಕು. ಮಂಗಳನದು ಬೇರೆಯೇ ಕಥೆ: ಸುಮಾರು 26 ತಿಂಗಳಿಗೊಮ್ಮೆ ಸಮೀಪಿಸುವ ಅದು ಅತ್ಯುತ್ತಮ ವರ್ಷಗಳಲ್ಲಿಯೂ 25 ಆರ್ಕ್ ಸೆಕೆಂಡ್ ಮಾತ್ರವೇ ಇರುವುದರಿಂದ, ಅದರ ಧ್ರುವದ ಬಿಳಿ ಟೊಪ್ಪಿಯನ್ನೂ ಕಪ್ಪು ಕಲೆಗಳನ್ನೂ ನೋಡಬಯಸುವವರಿಗೆ 150 ಪಟ್ಟಿಗೆ ಮೇಲ್ಪಟ್ಟ ವರ್ಧನೆ ಅನುಕೂಲ.

ಮೇಲಿನ ಮಿತಿಯನ್ನು ಮೊದಲು ಹೇರುವುದು ಮುಖ್ಯ ಮಸೂರದ ವ್ಯಾಸ. ಅದರ ಪ್ರತಿ ಮಿ.ಮೀ.ಗೆ 2 ಪಟ್ಟು ಎಂಬುದು ರೂಢಿಯ ಲೆಕ್ಕ; ಅದನ್ನು ಮೀರಿದಾಗ ಸಂಗ್ರಹವಾದ ಅಷ್ಟೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಬಿಂಬ ಮಂಕಾಗುತ್ತದೆ, ಹೊಸ ವಿವರವೂ ದೊರೆಯುವುದಿಲ್ಲ. ಆದರೆ 150 ಮಿ.ಮೀ. ದೂರದರ್ಶಕ 300 ಪಟ್ಟನ್ನು ಮುಟ್ಟುವ ಮೊದಲೇ, ಬಹುತೇಕ ರಾತ್ರಿಗಳಲ್ಲಿ, ಗಾಳಿಯ ಕಲಕಾಟ ಅದನ್ನು ತಡೆಯುತ್ತದೆ. ಈ ವಿಷಯದಲ್ಲಿ ಕರ್ನಾಟಕದ ಅಕ್ಷಾಂಶ ಒಂದು ವರವೇ ಸರಿ: ಲಂಡನ್ನಿನಲ್ಲಿ ಕೆಲವು ವರ್ಷ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲೇರುವ ಗ್ರಹ ಬೆಂಗಳೂರಿನಲ್ಲಿ 50 ಡಿಗ್ರಿಗೂ ಮೇಲೇರುವುದರಿಂದ ಅದರ ಬೆಳಕು ಕಡಿಮೆ ಗಾಳಿಯನ್ನು ಹಾದು ಬರುತ್ತದೆ. ನಗರದ ದೀಪಗಳು ಪ್ರಕಾಶಮಾನ ಗ್ರಹಗಳಿಗೆ ಅಷ್ಟಾಗಿ ಅಡ್ಡಿಯಲ್ಲ. ಹಗಲಿಡೀ ಕಾದು ರಾತ್ರಿ ಶಾಖ ಬಿಡುವ ಕಾಂಕ್ರೀಟ್ ತಾರಸಿಯೇ ನಿಜವಾದ ತೊಡಕು.

ಐಪೀಸಿನ ಆಯ್ಕೆಯಲ್ಲಿ ಕಣ್ಣಿನ ಹಿತವೂ ಸೇರಬೇಕು. 1860ರಲ್ಲಿ ವಿಯೆನ್ನಾದ ಗೇಯಾರ್ಗ್ ಪ್ಲೋಸ್ಲ್ ರೂಪಿಸಿದ, ಇಂದಿಗೂ ಅಗ್ಗವಾಗಿ ಸಿಗುವ ಮಾದರಿ ಸ್ಪಷ್ಟ ಬಿಂಬ ಕೊಡುತ್ತದೆಯಾದರೂ, ಅದರ 6 ಮಿ.ಮೀ. ಐಪೀಸಿಗೆ ಕಣ್ಣನ್ನು 4-5 ಮಿ.ಮೀ.ಯಷ್ಟು ಹತ್ತಿರ ಒಯ್ಯಬೇಕಾಗುವುದರಿಂದ ಕನ್ನಡಕಧಾರಿಗಳಿಗೆ ಅದು ಕಷ್ಟ. ಭೂಭ್ರಮಣವನ್ನು ಅನುಸರಿಸುವ ಮೋಟಾರಿಲ್ಲದ ಉಪಕರಣದಲ್ಲಿ ಇನ್ನೊಂದು ಪೇಚಿದೆ: 50 ಡಿಗ್ರಿ ನೋಟದ ಈ ಐಪೀಸಿನಲ್ಲಿ 200 ಪಟ್ಟು ವರ್ಧಿಸಿದಾಗ ಗ್ರಹವು ಸುಮಾರು ಒಂದು ನಿಮಿಷದಲ್ಲಿ ನೋಟದ ಈ ಅಂಚಿನಿಂದ ಆ ಅಂಚಿಗೆ ಜಾರಿಹೋಗುತ್ತದೆ. ವರ್ಧನೆಯನ್ನು ಇಮ್ಮಡಿಸುವ ಬಾರ್ಲೋ ಮಸೂರವನ್ನು ಐಪೀಸಿನ ಮುಂದೆ ಸೇರಿಸಿದರೆ ಉದ್ದ ಸಂಗಮ ದೂರದ ಐಪೀಸುಗಳ ಸೌಖ್ಯ ಉಳಿಯುತ್ತದೆ. ಆದರೆ 25 ಮತ್ತು 12 ಮಿ.ಮೀ. ಐಪೀಸುಗಳನ್ನು ಕೊಂಡವರಿಗೆ ಅದರಿಂದ ಲಾಭ ಅರ್ಧವಷ್ಟೇ, ಏಕೆಂದರೆ ಮೊದಲನೆಯದು ಇಮ್ಮಡಿಸಿದಾಗ ಹೆಚ್ಚುಕಡಿಮೆ ಎರಡನೆಯದೇ ಆಗಿಬಿಡುತ್ತದೆ. 25 ಮತ್ತು 10 ಮಿ.ಮೀ. ಜೋಡಿಯಾದರೆ ಮೇಲಿನ ಉಪಕರಣದಲ್ಲಿಯೇ 48, 96, 120, 240 ಎಂಬ ನಾಲ್ಕು ಬೇರೆ ಬೇರೆ ವರ್ಧನೆಗಳು ಕೈಗೆ ಬರುತ್ತವೆ.